ಹನಗೋಡಿನ ಬಯಲಲ್ಲಿ ಒಂದು ಕೋಲು

ಜನವರಿಯಲ್ಲಿ ಹನಗೋಡಿನ ಮಾವನ ಮನೆಗೆ ಹೋಗಿದ್ದೆ. ಮಧ್ಯಾಹ್ನ ಹೊಲ ಸುತ್ತೋಕೆ ಹೊರಟವನಿಗೆ ದಾರಿ ತಪ್ಪಿತು. ಮೊಬೈಲ್ ಸ್ವಿಚ್ ಆಫ್. ಪೂರ್ವಕ್ಕೆ ನಡೆದರೆ ಊರು. ಪಶ್ಚಿಮಕ್ಕೆ ಹೋದರೆ ನಾಗರಹೊಳೆ ಕಾಡು, ಆನೆಗಳ ಜಾಗ! ನಡುಹಗಲಲ್ಲಿ ಪೂರ್ವ ಯಾವುದು ಅಂತ ಹೇಗೆ ತಿಳಿಯೋದು?

ಮಾವ ಹೇಳಿಕೊಟ್ಟಿದ್ದು ನೆನಪಾಯ್ತು. ಬಯಲಲ್ಲಿ ಕೋಲು ನೆಟ್ಟು, ನೆರಳಿನ ತುದಿಗೆ ಕಲ್ಲಿಟ್ಟೆ. 20 ನಿಮಿಷ ಕಾದು, ನೆರಳಿನ ತುದಿ ಸರಿದ ಕಡೆ ಇನ್ನೊಂದು ಕಲ್ಲಿಟ್ಟೆ. ಸೂರ್ಯ ಪಶ್ಚಿಮಕ್ಕೆ ಜಾರಿದಂತೆ ನೆರಳು ಪೂರ್ವಕ್ಕೆ ಸರಿಯುತ್ತೆ. ಹಾಗಾಗಿ ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ.

ಆ ಕಡೆಗೇ ನಡೆದೆ. ಅರ್ಧ ಗಂಟೆಗೆ ಲಕ್ಷ್ಮಣತೀರ್ಥದ ನೀರುಣ್ಣುವ ಗದ್ದೆಗಳು ಕಂಡವು. ಮಾವ ಬಾಗಿಲಲ್ಲೇ ನಿಂತಿದ್ದರು. "ಗಾಬರಿಲಿ ಓಡದೆ 20 ನಿಮಿಷ ಕೂತೆಯಲ್ಲ, ಅದೇ ನಿನ್ನ ಉಳಿಸಿದ್ದು ಕಣಪ್ಪ" ಅಂದರು.

ಈ ಭಾನುವಾರ ನಿಮ್ಮ ತಾರಸಿ ಮೇಲೂ ಮಾಡಿ ನೋಡಿ.