ಹಜಾರದಲ್ಲಿ ಬರೆದುಕೊಂಡ ಕಾಗದ

ಅಂದು ನಮ್ಮ ಹಜಾರದಲ್ಲಿ ಕುಳಿತಿದ್ದ ಎಂಟು ಮಂದಿ ಹಿರಿಯರಿಗೆ ಉಪ್ಪಿಟ್ಟು, ಕಾಫಿ ಕೊಟ್ಟವಳು ನಾನೇ. ನನ್ನ ಅಕ್ಕನ ಮಗಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಮದುವೆಯಾಗಿ ನಾಲ್ಕು ವರ್ಷ, ಅದರಲ್ಲಿ ಕೊನೆಯ ಎರಡು ವರ್ಷ ತೌರಿನಲ್ಲೇ. ಹೊಂದಿಸಲು ಎರಡೂ ಕಡೆಯವರು ಪಟ್ಟ ಪಾಡೆಲ್ಲ ವ್ಯರ್ಥವಾಗಿತ್ತು.

"ಕೋರ್ಟು ಕಚೇರಿ ಅಂತ ಅಲೆದು ಮಾನ ಯಾಕೆ ಕಳ್ಕೋಬೇಕು? ಮನೆಯಲ್ಲೇ ಮುಗಿಸಿಬಿಡೋಣ" ಎಂದರು. ಛಾಪಾ ಕಾಗದ ಬಂತು. ಇಂದಿನಿಂದ ಒಬ್ಬರಿಗೊಬ್ಬರು ಸಂಬಂಧವಿಲ್ಲ, ಜೀವನಾಂಶ ಕೇಳುವುದಿಲ್ಲ, ಒಡವೆಗಳೆಲ್ಲ ತಲುಪಿವೆ ಎಂದು ಬರೆದರು. ಒಡವೆ ಒಂದೂ ತಲುಪಿರಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು. "ಸಹಿ ಹಾಕಿಬಿಡೇ, ಒಂದ್ಸಲ ಬಿಡುಗಡೆ ಆಗ್ಲಿ" ಎಂದವಳೂ ನಾನೇ.

ಎರಡು ವರ್ಷ ಕಳೆದ ಮೇಲೆ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗನ ತಂದೆ ನಿವೃತ್ತ ಮೇಷ್ಟ್ರು. ನಾವು ಕೊಟ್ಟ ಕಾಗದ ಓದಿ, ಮಡಿಸಿ ವಾಪಸು ಕೊಟ್ಟರು. "ಇದು ಡಿಕ್ರಿ ಅಲ್ಲವಲ್ಲ ತಾಯಿ!"

ಆಗ ಹೋದದ್ದು ನಮ್ಮ ತಾಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ. 1987ರ ಕಾಯಿದೆಯ ಪ್ರಕಾರ ಹೆಂಗಸರಿಗೆ, ಅವರ ವರಮಾನ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಇಷ್ಟು ವರ್ಷ ಅದೇ ರಸ್ತೆಯಲ್ಲಿ ತರಕಾರಿಗೆ ಓಡಾಡಿದ ನನಗೆ ಆ ಬೋರ್ಡು ಕಣ್ಣಿಗೆ ಬಿದ್ದಿರಲಿಲ್ಲ!

ಲಾಯರಮ್ಮ ಕಾಗದ ನೋಡಿ, "ಕಾನೂನಿನ ಪ್ರಕಾರ ನಿಮ್ಮ ಹುಡುಗಿ ಇವತ್ತಿಗೂ ಅವರ ಹೆಂಡತಿ. ಇದನ್ನು ನಂಬಿ ಮತ್ತೆ ತಾಳಿ ಕಟ್ಟಿಸಿಕೊಂಡರೆ ಆ ಮದುವೆ ಅಸಿಂಧು, ಮೇಲೆ ಕ್ರಿಮಿನಲ್ ಕೇಸು ಬೇರೆ" ಎಂದರು. ಕೆಲವು ಜಾತಿಗಳಲ್ಲಿ ಹಿಂದಿನಿಂದ ಬಂದ ಬಿಡುಗಡೆಯ ಪದ್ಧತಿಯನ್ನು 1955ರ ಹಿಂದೂ ವಿವಾಹ ಕಾಯಿದೆ ಒಪ್ಪುತ್ತದಂತೆ. ಆದರೆ ಪದ್ಧತಿ ಇದೆಯೆಂದು ಸಾಬೀತು ಮಾಡಬೇಕು. ನಮ್ಮಲ್ಲಿ ಅಂಥದ್ದೇನೂ ಇಲ್ಲ. (ಮುಸಲ್ಮಾನ, ಕ್ರೈಸ್ತ ಸೋದರಿಯರಿಗೆ ಕಾಯಿದೆಗಳು ಬೇರೆ, ಅವರು ತಮ್ಮದನ್ನು ಕೇಳಿ ತಿಳಿಯಬೇಕು.)

"ಮನಸ್ಸು ಮುರಿದಿದೆ ಅನ್ನೋದೇ ಸಾಲದೇ ಮೇಡಂ?" ಎಂದಳು ಹುಡುಗಿ. ಸಾಲದಂತೆ. ಒಬ್ಬರೇ ಕೇಳುವುದಾದರೆ ಕ್ರೌರ್ಯ, ಎರಡು ವರ್ಷ ತೊರೆದಿರುವುದು, ವ್ಯಭಿಚಾರ, ಹೀಗೆ ಕಾಯಿದೆಯಲ್ಲಿರುವ ಕಾರಣವನ್ನೇ ಸಾಬೀತು ಮಾಡಬೇಕು. ಸಂಬಂಧ ಸರಿಪಡಿಸಲಾರದಷ್ಟು ಮುರಿದಿದೆಯೆಂದು ವಿಚ್ಛೇದನ ಕೊಡುವ ಅಧಿಕಾರ ತನಗಿದೆಯೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ಅದು ಅದರ ವಿಶೇಷಾಧಿಕಾರ, ನಮ್ಮ ಜಿಲ್ಲೆಯ ಕೋರ್ಟಿಗಿಲ್ಲ.

ಮದುವೆ ಮುರಿಯಲೂ ಒಲ್ಲೆ, ಜೊತೆಗಿರಲೂ ಆರೆ ಎನ್ನುವವರಿಗೆ ನ್ಯಾಯಿಕ ಪ್ರತ್ಯೇಕತೆ ಎಂಬುದೂ ಒಂದಿದೆ. ಕೋರ್ಟಿನ ಅಪ್ಪಣೆಯಿಂದ ಬೇರೆ ಇರಬಹುದು, ಮದುವೆ ಹಾಗೇ ಉಳಿಯುತ್ತದೆ. ವರ್ಷದವರೆಗೂ ಒಂದಾಗದಿದ್ದರೆ ಅದರ ಮೇಲೆ ವಿಚ್ಛೇದನ ಕೇಳಬಹುದು. ನಮ್ಮವಳಿಗೆ ಅದು ಬೇಕಿರಲಿಲ್ಲ.

ಉಳಿದದ್ದು ಪರಸ್ಪರ ಒಪ್ಪಿಗೆಯ ವಿಚ್ಛೇದನ. 1976ರಲ್ಲಿ ಕಾಯಿದೆಗೆ ಸೇರಿದ್ದು. ಒಂದು ವರ್ಷ ಬೇರೆ ಇದ್ದಿರಬೇಕು, ಇಬ್ಬರೂ ಸೇರಿ ಅರ್ಜಿ ಹಾಕಬೇಕು, ಆರು ತಿಂಗಳ ಮೇಲೆ ಮತ್ತೆ ಬಂದು "ಹೌದು" ಎನ್ನಬೇಕು. ತಕ್ಕ ಪ್ರಕರಣಗಳಲ್ಲಿ ಆ ಆರು ತಿಂಗಳನ್ನು ಬಿಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಆದರೆ ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು. ಇದನ್ನು ಲಾಯರಮ್ಮ ಎರಡು ಸಲ ಹೇಳಿದರು.

"ಜೀವನಾಂಶ ಬೇಡ ಅಂತ ಬರೆದುಕೊಟ್ಟಿದೀವಲ್ಲ?" ಎಂದೆ, ತಲೆ ತಗ್ಗಿಸಿ.

"ಮಗುವಿನ ಹಕ್ಕನ್ನು ತಾಯಿ ಬರೆದುಕೊಡೋಕಾಗಲ್ಲ ಅಮ್ಮ. ಒಡವೆ ಸ್ತ್ರೀಧನ, ಅದು ಅವಳದ್ದೇ. ಪಟ್ಟಿ ಮಾಡಿ, ಮದುವೆ ಫೋಟೋ ತನ್ನಿ." ಕೇಸು ನಡೆಯುವಾಗಲೂ ಖರ್ಚಿಗೆ ಮಧ್ಯಂತರ ಜೀವನಾಂಶ ಕೇಳಬಹುದಂತೆ. ಹಿಂದಿನ 125ನೇ ಕಲಮು, 2024ರ ಜುಲೈಯಿಂದ ಹೊಸ ಸಂಹಿತೆಯ 144 ಆಗಿದೆ. 2003ರ ತಿದ್ದುಪಡಿಯ ಮೇಲೆ ಹೆಂಡತಿ ತಾನು ವಾಸವಿರುವ ಕಡೆಯೇ ಅರ್ಜಿ ಹಾಕಬಹುದು ಎಂದಾಗ ನನಗೆ ಅರ್ಧ ಭಾರ ಇಳಿಯಿತು. ಅವರ ಊರಿಗೆ ಎರಡು ಬಸ್ಸು ಬದಲಾಯಿಸಿ, ಮಗು ಕಟ್ಟಿಕೊಂಡು ಯಾರು ಅಲೆಯುತ್ತಿದ್ದರು?

ನೋಟೀಸು ಹೋಯಿತು. ಆ ಹುಡುಗನೂ ಮರುಮದುವೆಯ ಯೋಚನೆಯಲ್ಲಿದ್ದ; ಈ ಕಾಗದ ಅವನಿಗೂ ಕೆಲಸಕ್ಕೆ ಬಾರದ್ದೆಂದು ತಿಳಿದ ಮೇಲೆ ಮಾತಿಗೆ ಬಂದ. ಮೂರು ಸಲ ಕುಳಿತು ಮಾತಾಡಿದ್ದಾಯಿತು. ಬಳೆ, ಓಲೆ, ನೆಕ್ಲೇಸು ಬಂದವು. ಅಕ್ಕ ಚೀಟಿ ಹಾಕಿ ಮಾಡಿಸಿದ್ದ ಎರಡೆಳೆ ಸರ ಬರಲಿಲ್ಲ, ಅದನ್ನು ಮಾರಿಬಿಟ್ಟಿದ್ದರು. ಅದರ ಬದಲು ಹಣ, ಮಗುವಿಗೆ ತಿಂಗಳು ತಿಂಗಳು ಇಷ್ಟೆಂದು, ಭಾನುವಾರ ತಂದೆ ಬಂದು ನೋಡಬಹುದೆಂದು, ಎಲ್ಲ ಅರ್ಜಿಯಲ್ಲೇ ಬರೆಸಿದೆವು.

ಸಹಿಯ ದಿನ ಹುಡುಗಿ ಹಾಳೆ ಹಾಳೆಯನ್ನೂ ಬೆರಳಿಟ್ಟು ಓದಿದಳು. "ಬೇಗ ಆಗ್ಲಿ ತಾಯಿ" ಎಂದು ಗುಮಾಸ್ತರು ಗಡಿಯಾರ ನೋಡಿದರು. ಒಡವೆಯ ಪುಟಕ್ಕೆ ಬಂದವಳು ತಲೆಯೆತ್ತಿ, "ಇಲ್ಲಿ ಬಳೆ ಎರಡು ಅಂತಿದೆ, ನಾಲ್ಕಲ್ವಾ ಚಿಕ್ಕಮ್ಮ?" ಎಂದಳು.

ನಾಲ್ಕೇ. ತಿದ್ದಿ ತರಲು ಇನ್ನೊಂದು ಗಂಟೆ ಹಿಡಿಯಿತು. ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತು ಕಾದೆವು.