ಹಗಲ ಬೆವರು, ಇರುಳ ನಿದ್ರೆ

ಮೂವತ್ತು ವರ್ಷಗಳಿಗೂ ಮಿಕ್ಕಿ ಶರಣರ ಕಾಯಕತತ್ತ್ವವನ್ನು ಊರೂರಿನ ಪ್ರವಚನಗಳಲ್ಲಿ ಹೇಳುತ್ತ ಬಂದವನು ನಾನು. ನುಲಿಯ ಚಂದಯ್ಯನವರು ಹುಲ್ಲು ಹೊಸೆದು ಹಗ್ಗ ಮಾಡಿದುದನ್ನೂ ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದುದನ್ನೂ ವರ್ಣಿಸುವಾಗ ಸಭಿಕರು ತಲೆದೂಗುತ್ತಿದ್ದರು. ಆದರೆ ಆ ಮಾತುಗಳನ್ನಾಡುವ ಈ ದೇಹವು ಬೆವರು ಕಂಡು ಎಷ್ಟು ಕಾಲವಾಯಿತೆಂದು ಯಾರೂ ಕೇಳಲಿಲ್ಲ; ನಾನೂ ಕೇಳಿಕೊಳ್ಳಲಿಲ್ಲ. ಕೊನೆಗೆ ಕೇಳಿದವನು ನನ್ನ ತಂಗಿಯ ಮಗ.

ಅವನು ವೈದ್ಯ. ನನ್ನ ರಕ್ತಪರೀಕ್ಷೆಯ ಚೀಟಿಯನ್ನೂ ಹೊಟ್ಟೆಯ ಸ್ಕ್ಯಾನಿಂಗ್ ವರದಿಯನ್ನೂ ನೋಡಿ, "ಮಾವ, ಸಕ್ಕರೆ ಗಡಿಗೆ ಬಂದು ನಿಂತಿದೆ. ಯಕೃತ್ತಿನಲ್ಲಿ ಕೊಬ್ಬು ಕೂತಿದೆ. ಹಗಲೆಲ್ಲ ಏನು ಮಾಡ್ತೀರಿ?" ಎಂದ.

"ಓದು, ಬರಹ. ಸಂಜೆ ಪ್ರವಚನ."

"ಊಟ?"

"ಪ್ರವಚನ ಮುಗಿದ ಮೇಲೆ ಭಕ್ತರ ಮನೆಯಲ್ಲಿ ಪ್ರಸಾದ. ಹತ್ತೂವರೆ ಆಗುತ್ತದೆ. ಆಮೇಲೆ ನಿದ್ರೆ."

"ಕೊಬ್ಬು ಕರಗಬೇಕಾದ ಹೊತ್ತಿಗೆ ನೀವು ಅದಕ್ಕೆ ಹೋಳಿಗೆ ಬಡಿಸ್ತೀರಲ್ಲ ಮಾವ!" ಎಂದು ನಕ್ಕ. ನನಗೆ ನಗು ಬರಲಿಲ್ಲ.

ನಿದ್ರೆಯೆಂದರೆ ದೇಹದ ಪೂರ್ಣ ವಿಶ್ರಾಂತಿಯೆಂದೇ ನಾನು ತಿಳಿದಿದ್ದೆ. ಅದು ಹಾಗಲ್ಲವೆಂದು ಅವನು ಬಿಡಿಸಿ ಹೇಳಿದ. ನಾವು ಮಲಗಿದಾಗಲೂ ಹೃದಯ, ಮೆದುಳು, ಯಕೃತ್ತುಗಳು ದುಡಿಯುತ್ತಲೇ ಇರುತ್ತವೆ. ಅವಕ್ಕೆ ಇಂಧನ ಬೇಕು. ಮಲಗಿದವನು ಸೇವಿಸುವ ಆಮ್ಲಜನಕವನ್ನೂ ಹೊರಬಿಡುವ ಇಂಗಾಲದ ಡೈಆಕ್ಸೈಡನ್ನೂ ಅಳೆದರೆ ಒಳಗೆ ಉರಿಯುತ್ತಿರುವ ಇಂಧನ ಯಾವುದೆಂಬುದು ಗೊತ್ತಾಗುತ್ತದೆ. ಹೊರಬಂದುದನ್ನು ಒಳಹೋದುದರಿಂದ ಭಾಗಿಸಿದಾಗ 1ರ ಸಮೀಪ ಬಂದರೆ ಉರಿಯುತ್ತಿರುವುದು ಪಿಷ್ಟ ಮತ್ತು ಸಕ್ಕರೆ; 0.7ರ ಸಮೀಪ ಬಂದರೆ ಕೊಬ್ಬು. ಹೀಗೆ ಕರಗಿದ ಕೊಬ್ಬು ಬೆವರಾಗಿ ಹೋಗುತ್ತದೆಂಬ ನಂಬಿಕೆಯೂ ಸರಿಯಲ್ಲ. 10 ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋದಷ್ಟು ಉಸಿರಿನ ಮೂಲಕವೇ ಹೊರಹೋಗುತ್ತದೆ, ಉಳಿದುದು ನೀರಾಗುತ್ತದೆ.

ಇರುಳಿನಲ್ಲಿ ಯಾವುದು ಉರಿಯಬೇಕೆಂಬುದನ್ನು ಬಹುಮಟ್ಟಿಗೆ ಹಗಲೇ ನಿರ್ಧರಿಸುತ್ತದೆ. ಉಂಡ ಅನ್ನದ ಸಕ್ಕರೆಯನ್ನು ದೇಹವು ಗ್ಲೈಕೋಜೆನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಕೂಡಿಡುತ್ತದೆ. ಹಗಲು ದುಡಿದವನ ಸ್ನಾಯುಗಳಲ್ಲಿ ಈ ಕಣಜ ಬರಿದಾಗಿರುತ್ತದೆ. ಅವನು ಉಂಡ ಅನ್ನ ಮೊದಲು ಅದನ್ನು ತುಂಬಲು ಹೋಗುತ್ತದೆ. ದೇಹದ ಉಳಿದ ಕೆಲಸಕ್ಕೆ ಕೊಬ್ಬು ಒದಗುತ್ತದೆ. ಕುಳಿತೇ ದಿನ ಕಳೆದವನ ಕಣಜವಾದರೋ ತುಂಬಿಯೇ ಇರುತ್ತದೆ. ತಡರಾತ್ರಿ ಉಂಡಾಗ ಏರಿದ ಇನ್ಸುಲಿನ್ ಕೊಬ್ಬಿನ ಉಗ್ರಾಣದ ಬಾಗಿಲನ್ನು ಮುಚ್ಚಿಬಿಡುತ್ತದೆ. 2020ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು 20 ಮಂದಿ ಆರೋಗ್ಯವಂತರಿಗೆ ಒಂದೇ ಬಗೆಯ ಊಟವನ್ನು ಒಮ್ಮೆ ಸಂಜೆ 6ಕ್ಕೂ ಮತ್ತೊಮ್ಮೆ ರಾತ್ರಿ 10ಕ್ಕೂ ಕೊಟ್ಟು, ಎರಡು ಸಲವೂ 11ಕ್ಕೆ ಮಲಗಿಸಿ ಪರೀಕ್ಷಿಸಿದರು. ತಡವಾಗಿ ಉಂಡ ದಿನ ರಕ್ತದ ಸಕ್ಕರೆಯ ಏರಿಕೆ ಸುಮಾರು ಶೇಕಡಾ 18ರಷ್ಟು ಹೆಚ್ಚಾಗಿತ್ತು. ಇರುಳಿನಲ್ಲಿ ಕರಗಿದ ಕೊಬ್ಬು ಸುಮಾರು ಶೇಕಡಾ 10ರಷ್ಟು ಕಡಿಮೆಯಾಗಿತ್ತು.

ಹಾಗಾದರೆ ಯಾವ ಹೊತ್ತಿನಲ್ಲಿ ದುಡಿದರೂ ಒಂದೇ ಫಲವೆ? 2015ರಲ್ಲಿ ಪ್ರಕಟವಾದ ಜಪಾನಿನ ಒಂದು ಪ್ರಯೋಗದಲ್ಲಿ 10 ಮಂದಿ ತರುಣರನ್ನು ಮುಚ್ಚಿದ ಕೋಣೆಯಲ್ಲಿರಿಸಿ ಇರುಳೂ ಸೇರಿ 24 ಗಂಟೆಗಳ ಉಸಿರನ್ನು ಅಳೆದರು. ಬೆಳಗಿನ ಉಪಾಹಾರಕ್ಕೆ ಮುಂಚೆ ವ್ಯಾಯಾಮ ಮಾಡಿದ ದಿನ ಕರಗಿದ ಕೊಬ್ಬು ಸ್ಪಷ್ಟವಾಗಿ ಹೆಚ್ಚಿತು. ಅದೇ ವ್ಯಾಯಾಮವನ್ನು ಮಧ್ಯಾಹ್ನವೋ ಸಂಜೆಯೋ ಮಾಡಿದ ದಿನ, ಸುಮ್ಮನೆ ಕುಳಿತ ದಿನಕ್ಕಿಂತ ಹೆಚ್ಚೇನೂ ಕರಗಲಿಲ್ಲ. ಗಮನಿಸಬೇಕಾದ ಅಂಶವೊಂದಿದೆ: ವ್ಯಾಯಾಮಕ್ಕೆ ವೆಚ್ಚವಾದಷ್ಟು ಆಹಾರವನ್ನು ಅವರಿಗೆ ಹೆಚ್ಚಾಗಿ ಕೊಡಲಾಗಿತ್ತು. ಎಂದರೆ ದುಡಿದಷ್ಟನ್ನೂ ಮರಳಿ ಉಂಡವನಿಗೆ ಇರುಳು ವಿಶೇಷವಾಗಿ ಏನನ್ನೂ ಕೊಡುವುದಿಲ್ಲ.

ಇದನ್ನು ಕೇಳಿದಾಗ ನನಗೆ ಲಕ್ಕಮ್ಮನವರ ನೆನಪಾಯಿತು. ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಆ ತಾಯಿ ಹೇಳಿದರು. ಅದು ಮನಸ್ಸಿನ ಆಸೆಯನ್ನು ಕುರಿತ ಪಾಠ. ಆ ಕಥೆಯಲ್ಲಿ ಶರೀರಶಾಸ್ತ್ರವನ್ನು ಹುಡುಕುವುದು ತರವಲ್ಲ. ಆದರೆ ಅಂದಂದಿನ ಅಗತ್ಯವನ್ನು ಮೀರಿ ಮನೆಗೆ ತಂದುದೆಲ್ಲ ಹೊರೆಯೆಂಬ ಮಾತು ನನ್ನ ಹೊಟ್ಟೆಗೂ ಅನ್ವಯಿಸುತ್ತದೆಂದು ನಾನು ಅಷ್ಟು ವರ್ಷ ಯೋಚಿಸಿರಲಿಲ್ಲ.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ನಸುಕಿನಲ್ಲೇ ನಮ್ಮನ್ನು ಎಬ್ಬಿಸುತ್ತಿದ್ದರು. ಬಾವಿಯಿಂದ ನೀರು ಸೇದಬೇಕು, ಅಂಗಳ ಗುಡಿಸಬೇಕು, ಪತ್ರೆ-ಹೂವು ತರಬೇಕು. ಸ್ನಾನ, ಲಿಂಗಪೂಜೆಗಳಾದ ಮೇಲೆಯೇ ಪ್ರಸಾದ. ಹೊತ್ತು ಮುಳುಗಿದ ಸ್ವಲ್ಪದರಲ್ಲೇ ರಾತ್ರಿಯ ಪ್ರಸಾದ. ರಜೆಗೆ ಪಾಪಿನಾಯಕನಹಳ್ಳಿಗೆ ಬಂದರೆ ನಮ್ಮವ್ವ ಕೋಳಿ ಕೂಗುವ ಮುಂಚೆ ಜೋಳ ಬೀಸುತ್ತಿದ್ದಳು. ಇಂದು ಬೀಸುವ ಕಲ್ಲು ಹಿತ್ತಿಲ ಮೂಲೆ ಸೇರಿದೆ; ಹೊಲಕ್ಕೆ ಹೋಗಲೂ ಬೈಕು ಬೇಕು. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ತಿಳಿಸಿತು. ಅವರಲ್ಲಿ ನಮ್ಮ ಮನೆಗಳವರೂ ಇದ್ದಾರೆ.

ಬೆಳಗಿನ ನಡಿಗೆ ನನಗೆ ಕಷ್ಟವಾಗಲಿಲ್ಲ. ಅದಿರು ಲಾರಿಗಳ ಹೆದ್ದಾರಿಯನ್ನು ಬಿಟ್ಟು ಹೊಲದ ದಾರಿ ಹಿಡಿದು ಮುಕ್ಕಾಲು ಗಂಟೆ ನಡೆಯುತ್ತೇನೆ; ಬಂದು ಅಂಗಳ ಗುಡಿಸಿ, ಸ್ನಾನ ಮಾಡಿ ಪೂಜೆಗೆ ಕೂಡುತ್ತೇನೆ. ಕಷ್ಟವಾದದ್ದು ರಾತ್ರಿಯ ಪ್ರಸಾದ. ಭಕ್ತರು ಪ್ರೀತಿಯಿಂದ ನೀಡಿದ್ದನ್ನು ಒಲ್ಲೆನೆನ್ನುವುದು ಹೇಗೆ? ಮೊದಲ ಸಲ ಎರಡನೆಯ ಹೋಳಿಗೆಗೆ ಕೈ ಅಡ್ಡ ಹಿಡಿದಾಗ ಆ ಮನೆಯ ತಾಯಿಯ ಮುಖ ಬಾಡಿತು. ನಾನು ಆ ರಾತ್ರಿ ಸರಿಯಾಗಿ ನಿದ್ರಿಸಲಿಲ್ಲ. ಮರುದಿನ ಅವರಿಗೆ ವಿಷಯವನ್ನೆಲ್ಲ ತಿಳಿಸಿ, "ತಾಯೀ, ಪ್ರವಚನಕ್ಕೆ ಮುಂಚೆ, ಆರೂವರೆಗೆ ಒಂದು ಜೋಳದ ರೊಟ್ಟಿ, ಪಲ್ಯ ನೀಡಿರಿ" ಎಂದು ಕೇಳಿಕೊಂಡೆ. "ನಮ್ಮ ಯಜಮಾನರಿಗೂ ಸಕ್ಕರೆ ಐತ್ರಿ ಅಯ್ಯನೋರೆ, ಅವರೂ ನಿಮ್ಮ ಜೊತೆಗೇ ಕೂಡ್ತಾರ" ಎಂದರು ಆಕೆ. ಈಗ ಆ ಮನೆಯವರೆಲ್ಲರೂ ಸಂಜೆಯೇ ಉಣ್ಣುತ್ತಾರೆ.

ಆರು ತಿಂಗಳಲ್ಲಿ ನನ್ನ ತೂಕ ನಾಲ್ಕು ಕಿಲೋ ಇಳಿಯಿತು; ಸಕ್ಕರೆ ಗಡಿಯಿಂದ ಈಚೆಗೆ ಬಂದಿದೆ. ಯಕೃತ್ತಿನ ಕೊಬ್ಬು ಇನ್ನೂ ಪೂರ್ಣ ಹೋಗಿಲ್ಲ. ಒಂದು ಎಚ್ಚರಿಕೆ: ಸಕ್ಕರೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬರಿಹೊಟ್ಟೆಯಲ್ಲಿ ಶ್ರಮಿಸಬಾರದು.

ಕಾಯಕವನ್ನು ಕುರಿತು ನಾನು ಇಂದಿಗೂ ಪ್ರವಚನ ಮಾಡುತ್ತೇನೆ. ಆದರೆ ಚಂದಯ್ಯನವರ ಹೆಸರನ್ನೆತ್ತುವ ದಿನ, ಬೆಳಿಗ್ಗೆ ಅಂಗಳ ಗುಡಿಸಿರುವೆನೇ ಎಂದು ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ.