ಹತ್ತು ಕೋಟಿ, ಲೆಕ್ಕ ಮಾಡಿದ್ದು ಯಾರು?

ಕಳೆದ ಮೇ ತಿಂಗಳಲ್ಲಿ ಒಂದು ವಾರ ರಜೆ ಹಾಕಿ ಊರಿಗೆ ಹೋಗಿದ್ದೆ. ಶಿರ್ತಾಡಿಯಲ್ಲಿ ಮೇ ಅಂದರೆ ಸಂಜೆಗೊಂದು ಗುಡುಗು, ಗುಡುಗಿನ ಹಿಂದೆಯೇ ಕರೆಂಟು ಹೋಗುವುದು. ಆ ದಿನವೂ ಹಾಗೇ ಆಯಿತು. ಮಳೆ ಒಂದರ್ಧ ಗಂಟೆ ಹೊಡೆದು ನಾರಾವಿ ಕಡೆಗೆ ಹೋಯಿತು. ಇನ್ವರ್ಟರ್ ಬ್ಯಾಟರಿ ಸತ್ತು ವರ್ಷವಾಗಿದೆ, ಬದಲಾಯಿಸಬೇಕಾದವನು ನಾನೇ. ಒಳಗೆ ಸೆಖೆ ತಡೆಯದೆ ರಾತ್ರಿ ಹನ್ನೊಂದಕ್ಕೆ ಅಪ್ಪ, ನಾನು, ಅಣ್ಣನ ಮಗಳು ಮೂವರೂ ಅಂಗಳಕ್ಕೆ ಬಂದು ಕೂತೆವು.

ಮೋಡ ಸರಿದಿತ್ತು, ಚಂದ್ರ ಇರಲಿಲ್ಲ. ಬೆಂಗಳೂರಿನಲ್ಲಿ ನಾನಿರುವ ಏಳನೇ ಮಹಡಿಯಿಂದ ಎಣಿಸಿದರೆ ಇಪ್ಪತ್ತು ನಕ್ಷತ್ರ ಸಿಗುವುದಿಲ್ಲ. ಇಲ್ಲಿ ತೆಂಗಿನ ಮರಗಳ ಸಂದಿಯಲ್ಲಿ ಚೇಳಿನ ಬಾಲ ಮೇಲೆ ಬರುತ್ತಿತ್ತು, ಅದರ ಪಕ್ಕದಲ್ಲೇ ಆಕಾಶಗಂಗೆ ಒಲೆಯ ಹೊಗೆಯ ಹಾಗೆ ಹಬ್ಬಿತ್ತು. ಚೇಳಿನ ಬಾಲದ ತುದಿಯೇ ಮೂಲಾ ನಕ್ಷತ್ರ. ಮೂಲ ಅಂದರೆ ಬೇರು. ನಮ್ಮ ಗ್ಯಾಲಕ್ಸಿಯ ನಡುಮಧ್ಯ ಇರುವುದೂ ಆ ದಿಕ್ಕಿನಲ್ಲೇ. (ಆ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿಯರ ಮದುವೆಗೆ ಜನ ಯಾಕೆ ಅಷ್ಟು ತಕರಾರು ತೆಗೆಯುತ್ತಾರೋ ನನಗಂತೂ ಅರ್ಥವಾಗಿಲ್ಲ.)

ನಾನು ಸ್ವಲ್ಪ ಜಂಬದಲ್ಲೇ ಶುರು ಮಾಡಿದೆ. "ಅಲ್ಲಿ ಒಂದು ಬ್ಲ್ಯಾಕ್ ಹೋಲ್ ಉಂಟು. ಸೂರ್ಯನ 40 ಲಕ್ಷದಷ್ಟು ತೂಕ."

"ಅದೊಂದೇಯಾ ಚಿಕ್ಕಪ್ಪ? ಒಟ್ಟು ಎಷ್ಟುಂಟು?"

"ಹತ್ತು ಕೋಟಿ."

ಅಲ್ಲಿಯವರೆಗೆ ಸುಮ್ಮನಿದ್ದ ಅಪ್ಪ ಕತ್ತಲಲ್ಲೇ ಕೇಳಿದರು, "ಏರ್ ಲೆಕ್ಕ ಮಲ್ತಿನಿ?" ಲೆಕ್ಕ ಮಾಡಿದ್ದು ಯಾರು? (ನಮ್ಮ ಮನೆಯ ಮಾತು ತುಳು. ಮುಂದಿನದ್ದನ್ನೆಲ್ಲ ಕನ್ನಡದಲ್ಲೇ ಬರೆಯುತ್ತೇನೆ.)

ಅಪ್ಪ ಹಾಗೆ ಕೇಳಿದ್ದಕ್ಕೆ ಒಂದು ಕಾರಣ ಉಂಟು.

ನಾನು ಬಿ.ಇ. ಸೇರಿದ ವರ್ಷದ ಮಾತು. ಜೂನ್ ಹೊತ್ತಿಗೆ ಅಪ್ಪ ತೋಟಕ್ಕೊಂದು ಸುತ್ತು ಹಾಕಿ ಬಂದು "ಹನ್ನೆರಡು ಕ್ವಿಂಟಾಲ್ ಅಡಿಕೆಗೆ ಮೋಸ ಇಲ್ಲ" ಅಂದಿದ್ದರು. ಅವರು ಎಲ್ಲ ಮರ ನೋಡುವವರಲ್ಲ. ಅಲ್ಲೊಂದು ಇಲ್ಲೊಂದು ಹತ್ತು ಮರದ ಕೆಳಗೆ ನಿಂತು ತಲೆಯೆತ್ತಿ ಗೊನೆ ಎಣಿಸುವುದು, ಒಂದು ಗೊನೆಗೆ ಇಷ್ಟು ಅಡಿಕೆ, ಉದುರುವುದು ಇಷ್ಟು, ಇರುವ ಮರ ಇಷ್ಟು ಎಂದು ಮನಸ್ಸಲ್ಲೇ ಗುಣಿಸುವುದು. ಪ್ರತಿವರ್ಷ ಅರ್ಧ ಕ್ವಿಂಟಾಲಿನ ಆಚೀಚೆ ಸರಿಯಾಗಿಯೇ ಬರುತ್ತಿತ್ತು. ಆ ಹನ್ನೆರಡನ್ನು ನಂಬಿ ನನ್ನ ಫೀಸಿನ ಲೆಕ್ಕ ಹಾಕಿದ್ದರು. ಆ ಆಟಿಯಲ್ಲಿ ಮಳೆ ಬಿಡಲೇ ಇಲ್ಲ, ಎರಡನೇ ಸಲ ಮದ್ದು ಬಿಡಲು ಒಂದು ದಿನದ ಬಿಸಿಲೂ ಸಿಗಲಿಲ್ಲ. ಕೊಳೆರೋಗ ಬಂತು. ಬೆಳಿಗ್ಗೆ ಎದ್ದು ತೋಟಕ್ಕೆ ಹೋದರೆ ನೆಲದ ತುಂಬ ಹಸಿ ಅಡಿಕೆ. ಕೊನೆಗೆ ಅಂಗಳಕ್ಕೆ ಬಂದದ್ದು ಐದು ಕ್ವಿಂಟಾಲ್. ಅಮ್ಮನ ಎರಡು ಬಳೆ ಅಡವಿಗೆ ಹೋದವು, ನಾನು ಕೆಲಸಕ್ಕೆ ಸೇರಿದ ಮೇಲೆಯೇ ಅವು ವಾಪಸ್ ಬಂದದ್ದು. ಆಮೇಲೆ ಅಪ್ಪ ಯಾರು ಕೇಳಿದರೂ ಫಸಲಿನ ನಂಬರ್ ಹೇಳಿದ್ದಿಲ್ಲ.

ಹಾಗಾಗಿ "ಗೂಗಲ್ ಮಾಡಿ ನೋಡಿ" ಅಂತ ಹೇಳಿ ತಪ್ಪಿಸಿಕೊಳ್ಳಲು ಆಗಲಿಲ್ಲ. ಲೆಕ್ಕ ಬಿಡಿಸಲೇಬೇಕಾಯಿತು.

ಹತ್ತು ಕೋಟಿಯನ್ನು ಯಾರೂ ಎಣಿಸಿಲ್ಲ. ಅದೂ ಹತ್ತು ಮರದ ಲೆಕ್ಕವೇ. ನಮ್ಮ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳು 10,000 ಕೋಟಿಯಿಂದ 40,000 ಕೋಟಿ. ನೋಡಿ, ಮೊದಲ ನಂಬರಿನಲ್ಲೇ ನಾಲ್ಕು ಪಟ್ಟು ಆಚೀಚೆ! ಅದರಲ್ಲಿ ಸಾವಿರಕ್ಕೊಂದರಷ್ಟು ನಕ್ಷತ್ರ ಮಾತ್ರ ಸೂರ್ಯನ ಸುಮಾರು ಇಪ್ಪತ್ತು ಪಟ್ಟಿಗಿಂತ ಹೆಚ್ಚು ತೂಕದ್ದಾಗಿ ಹುಟ್ಟುತ್ತದೆ. ಅಂಥವು ಇಂಧನವನ್ನು ಬೇಗ ಉರಿಸಿಕೊಂಡು ಕೆಲವೇ ದಶಲಕ್ಷ ವರ್ಷಗಳಲ್ಲಿ ಸಾಯುತ್ತವೆ, ಸಾಯುವಾಗ ತನ್ನ ಭಾರಕ್ಕೆ ತಾನೇ ಕುಸಿದು ಕಪ್ಪು ಕುಳಿಯಾಗುತ್ತವೆ. ಗ್ಯಾಲಕ್ಸಿಗೆ 1,000 ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಹಾಗಾದರೆ ಹುಟ್ಟಿದ ದೊಡ್ಡ ನಕ್ಷತ್ರಗಳೆಲ್ಲ ಹೆಚ್ಚುಕಮ್ಮಿ ಸತ್ತಾಗಿವೆ. ಗುಣಿಸಿದರೆ ಹತ್ತು ಕೋಟಿಯ ಸುತ್ತಮುತ್ತ.

"ಇದರಲ್ಲಿ ಕೊಳೆರೋಗದ ಲೆಕ್ಕ ಎಲ್ಲಿ?" ಅಂದರು ಅಪ್ಪ.

ಅದೂ ಉಂಟು. ದೊಡ್ಡ ನಕ್ಷತ್ರವೆಲ್ಲ ಕಪ್ಪು ಕುಳಿ ಆಗಲೇಬೇಕೆಂದಿಲ್ಲ. ಕೆಲವು ಸಿಡಿದು ನ್ಯೂಟ್ರಾನ್ ನಕ್ಷತ್ರವಾಗಿ ಉಳಿಯುತ್ತವೆ. ಕೆಲವು ಬದುಕಿರುವಾಗಲೇ ಮೈಯ ಅರ್ಧ ಭಾಗವನ್ನು ಗಾಳಿಯ ಹಾಗೆ ಹೊರಗೆ ಊದಿಬಿಡುತ್ತವೆ. ಗೆರೆ ಇಪ್ಪತ್ತು ಪಟ್ಟಿಗೋ ಹದಿನೆಂಟಕ್ಕೋ ಇಪ್ಪತ್ತೈದಕ್ಕೋ ಎಂಬುದೂ ನಿಕ್ಕಿಯಿಲ್ಲ. ಇದನ್ನೆಲ್ಲ ಸೇರಿಸಿಯೇ ನಾಸಾದವರು ಒಂದು ಕೋಟಿಯಿಂದ ನೂರು ಕೋಟಿ ಅಂತ ಹೇಳುವುದು. ಆಫೀಸಿನಲ್ಲಿ ನಾನು ಇಷ್ಟು ಅಗಲದ ಎಸ್ಟಿಮೇಟ್ ಕೊಟ್ಟರೆ ಮ್ಯಾನೇಜರ್ ನನ್ನ ಲ್ಯಾಪ್‌ಟಾಪ್ ಕಿತ್ತುಕೊಂಡಾರು. ಆದರೆ ಎರಡು ವಾರ ಅಂತ ಹೇಳಿ ಏಳು ವಾರ ತೆಗೆದುಕೊಳ್ಳುವ ನಮ್ಮ ಲೆಕ್ಕಕ್ಕಿಂತ ಇದು ಎಷ್ಟೋ ಪ್ರಾಮಾಣಿಕ.

"ಆಯ್ತು, ಅಂಗಳಕ್ಕೆ ಬಂದದ್ದೆಷ್ಟು?"

ನನಗೆ ನಿಜಕ್ಕೂ ಮುಜುಗರವಾದದ್ದು ಇಲ್ಲಿ. ಹತ್ತು ಕೋಟಿಯಲ್ಲಿ ತೂಕ ಹಾಕಿ ಇದು ಹೌದು ಅಂತ ಖಚಿತ ಮಾಡಿದ್ದು ಸುಮಾರು ಎರಡು ಡಜನ್. ಅನುಮಾನದ ಪಟ್ಟಿ ಸೇರಿಸಿದರೂ ನೂರು ಆಗುವುದಿಲ್ಲ. ಕಪ್ಪು ಕುಳಿ ಬೆಳಕು ಬಿಡುವುದಿಲ್ಲವಲ್ಲ, ಪಕ್ಕದಲ್ಲಿ ಯಾರಾದರೂ ಇದ್ದರಷ್ಟೇ ಸಿಗುವುದು. ಮೊದಲು ಸಿಕ್ಕಿಬಿದ್ದ ಸಿಗ್ನಸ್ ಎಕ್ಸ್-1 ತನ್ನ ಜೊತೆಗಾರ ನಕ್ಷತ್ರದ ಅನಿಲವನ್ನು ಎಳೆದು ತಿನ್ನುತ್ತದೆ. ಆ ಅನಿಲ ಕುಳಿಯ ಸುತ್ತ ತಿರುಗುತ್ತ ಕಾದು ಎಕ್ಸ್-ರೇ ಬೀರುತ್ತದೆ. ತಿನ್ನದೆ ಸುಮ್ಮನಿರುವುದನ್ನು ಹಿಡಿಯಬೇಕಾದರೆ ಜೊತೆಗಾರನ ಓಲಾಟ ನೋಡಬೇಕು. ಯುರೋಪಿನ ಗಾಯಾ ದೂರದರ್ಶಕ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಜಾಗವನ್ನು ಮತ್ತೆ ಮತ್ತೆ ಅಳೆದು, ಏನೂ ಇಲ್ಲದ ಜಾಗದ ಸುತ್ತ ಸುತ್ತುತ್ತಿದ್ದ ಕೆಲವನ್ನು ತೋರಿಸಿಕೊಟ್ಟಿತು. 2022ರಲ್ಲಿ ಗೊತ್ತಾದ ಗಾಯಾ ಬಿಎಚ್1 ಸುಮಾರು 1,560 ಜ್ಯೋತಿರ್ವರ್ಷ ದೂರದಲ್ಲಿದೆ, ಗೊತ್ತಿರುವುದರಲ್ಲಿ ನಮಗೆ ಅತಿ ಹತ್ತಿರದ್ದು ಅದೇ. 2024ರಲ್ಲಿ ಪ್ರಕಟವಾದ ಬಿಎಚ್3 ಸೂರ್ಯನ 33 ಪಟ್ಟು ತೂಕದ್ದು. ಜೊತೆಗಾರನೇ ಇಲ್ಲದೆ ಒಂಟಿಯಾಗಿ ಅಲೆಯುವುದು ಇದುವರೆಗೆ ಸಿಕ್ಕಿರುವುದು ಒಂದೇ ಒಂದು, ಅದೂ ದೂರದ ನಕ್ಷತ್ರವೊಂದರ ಮುಂದೆ ಹಾದುಹೋಗುವಾಗ ಅದರ ಬೆಳಕನ್ನು ಬಗ್ಗಿಸಿದ್ದರಿಂದ.

ನಡುಮಧ್ಯದ ದೊಡ್ಡದರದ್ದೂ ಅದೇ ಕಥೆ. ಒಂದು ನಕ್ಷತ್ರ 16 ವರ್ಷಕ್ಕೊಮ್ಮೆ ಅದನ್ನು ಸುತ್ತುವುದನ್ನು ಕಾದು ಕಾದು ನೋಡಿದವರಿಗೆ 2020ರಲ್ಲಿ ನೊಬೆಲ್ ಬಂತು.

ಇದು ದೂರದ ದೇಶದವರ ಕಸುಬು ಮಾತ್ರ ಅಂತ ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಿಜಿಯಲ್ಲಿ ಬೋರಾಗಿ ಒಂದು ಭಾನುವಾರ ಬೆಂಗಳೂರಿನ ನೆಹರು ತಾರಾಲಯಕ್ಕೆ ಹೋಗಿದ್ದೆ, ಎ.ಸಿ. ಇರುತ್ತದೆ ಅಂತ. ಅದನ್ನು ಕಟ್ಟಿ ಬೆಳೆಸಿದ ಸಿ.ವಿ. ವಿಶ್ವೇಶ್ವರ ಎಂಬ ನಮ್ಮವರೇ, ಎರಡು ಕಪ್ಪು ಕುಳಿಗಳು ಸೇರಿದಾಗ ಅದು ಗಂಟೆಯ ಹಾಗೆ ಮೊಳಗಿ ಬೇಗ ತಣ್ಣಗಾಗುತ್ತದೆ ಎಂಬುದಕ್ಕೆ ಆಧಾರವಾದ ಲೆಕ್ಕವನ್ನು 1970ರಲ್ಲೇ ಮಾಡಿದ್ದರು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. 2015ರಲ್ಲಿ ಲೈಗೋ ಯಂತ್ರಕ್ಕೆ ಅಂಥ ಮೊಳಗು ಮೊದಲ ಸಲ ಸಿಕ್ಕಿತು, ಸುದ್ದಿ ಹೊರಬಿದ್ದದ್ದು ಮರುವರ್ಷ. ಅದನ್ನು ಕೇಳಿಸಿಕೊಂಡೇ ಅವರು 2017ರಲ್ಲಿ ತೀರಿಕೊಂಡರು. ಒಂದು ಲೆಕ್ಕ ಸರಿಯೋ ಅಲ್ಲವೋ ಅಂತ ತಿಳಿಯಲು 45 ವರ್ಷ! ಈಗ ಮೇಖ್ರಿ ಸರ್ಕಲ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೆಲ್ಲ ನೆನಪಾಗುತ್ತದೆ, 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಕಪ್ಪು ಕುಳಿಗಳಂಥವುಗಳ ಎಕ್ಸ್-ರೇ ನೋಡುವ ಒಂದು ಉಪಕರಣ ಅಲ್ಲೇ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದದ್ದು.

ಅಂಗಳದಲ್ಲಿ ಇಷ್ಟೆಲ್ಲ ಹೇಳಲಿಲ್ಲ ಬಿಡಿ. ಹುಡುಗಿ ಆಗಲೇ ಬೇರೆ ಚಿಂತೆಯಲ್ಲಿದ್ದಳು.

"ಹತ್ತು ಕೋಟಿ ಇದ್ದರೆ ಒಂದಾದರೂ ಇಲ್ಲೇ ಹತ್ತಿರ ಇರಬೇಕಲ್ಲ?"

ಇರಬಹುದು. ಆ ಲೆಕ್ಕ ಸರಿಯಾದರೆ ನೂರು ಜ್ಯೋತಿರ್ವರ್ಷದ ಒಳಗೇ ಒಂದಿದ್ದರೂ ಇದ್ದೀತು. ಒಂಟಿಯಾಗಿದ್ದರೆ ನಮಗೆ ಗೊತ್ತಾಗುವುದೇ ಇಲ್ಲ. ಅಷ್ಟು ದೂರದಿಂದ ಅದು ನಮ್ಮನ್ನೇನೂ ಎಳೆದುಕೊಳ್ಳುವುದಿಲ್ಲ, ಅಷ್ಟೇ ತೂಕದ ನಕ್ಷತ್ರ ಎಷ್ಟು ಎಳೆದೀತೋ ಅಷ್ಟೇ. ಅವಳು ಎದ್ದು ಅಜ್ಜನ ಕುರ್ಚಿಯ ಹತ್ತಿರ ಹೋಗಿ ಕೂತಳು.

ಅಪ್ಪ ತುಂಬ ಹೊತ್ತು ಮೇಲೆ ನೋಡುತ್ತಿದ್ದರು. "ಒಂದು ಕೋಟಿಯಿಂದ ನೂರು ಕೋಟಿ ಅಂತ ಮೊದಲೇ ಹೇಳುವುದಲ್ವಾ ಮಾರಾಯ" ಅಂದರು. ಸ್ವಲ್ಪ ಹೊತ್ತು ಬಿಟ್ಟು ತೋಟದ ಕಡೆ ತಿರುಗಿ, "ಈ ಸಲ ಏಳರಿಂದ ಹನ್ನೊಂದು ಆದೀತು" ಅಂದರು.

ಹದಿನೇಳು ವರ್ಷದಲ್ಲಿ ಅವರ ಬಾಯಿಂದ ಫಸಲಿನ ನಂಬರ್ ಕೇಳಿದ್ದು ಅದೇ ಮೊದಲು. ನಾನು ಏನೋ ಕೇಳಬೇಕು ಅನ್ನುವಷ್ಟರಲ್ಲಿ ಕರೆಂಟು ಬಂತು, ಜಗಲಿಯ ಟ್ಯೂಬ್‌ಲೈಟು ಹೊತ್ತಿಕೊಂಡಿತು, ಮಳೆಹುಳಗಳು ಒಮ್ಮೆಲೇ ಮುತ್ತಿದವು. "ಲೈಟ್ ಆಫ್ ಮಾಡಿ ಮಾರಾಯ್ರೆ, ಹುಳ ಎಲ್ಲ ಒಳಗೆ ಬರ್ತದೆ" ಎಂದು ಒಳಗಿನಿಂದ ಅಮ್ಮ ಕೂಗಿದಳು. ಆಫ್ ಮಾಡಲು ಎದ್ದೆ.